ಸಲೂನಿನವನ ಟಾನ್ಸಿಲ್

ಸಲೂನಿನವನು ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ, ಏಕೆಂದರೆ ಮುಂದೆ ಅವನು ಮಾಡಿಕೊಳ್ಳುವ ಅವಾಂತರ ನೋಡಿದವರಿಗೆ ಈ ಬಗ್ಗೆ ಅನುಮಾನ ಬರಬಹುದು. ಅವನ ಅಂಗಡಿಯಲ್ಲಿ ಒಂದು ತಿರುಗುವ ಕುರ್ಚಿ, ಮೂಲೆ ಒಡೆದ ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಇಷ್ಟೇ. ಕೈ ಬಹಳ ಹಗುರ. ಬ್ಲೇಡು ಕೆನ್ನೆಯ ಮೇಲೆ ಓಡಾಡಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುತ್ತಿರಲಿಲ್ಲ. ತೊಂದರೆಯೆಲ್ಲ ಬಾಯಿಯದು. ಬಾಯಿ ಆಡದೆ ಅವನ ಕತ್ತರಿ ಆಡುತ್ತಿರಲಿಲ್ಲ. ಹೀಗಾಗಿ ಅವನ ಕಥೆಗಳಿಗೂ ಅಳತೆಯಿತ್ತು. ಬರೀ ಶೇವಿಂಗಿಗೆ ಬಂದವರಿಗೆ ಗಿಡ್ಡ ಕಥೆ, ಕಟಿಂಗಿಗೆ ಬಂದವರಿಗೆ ಉದ್ದದ್ದು, ಕಟಿಂಗು, ಶೇವಿಂಗು, ಮೇಲೆ ತಲೆಗೆ ಮಸಾಜು ಎಂದವರಿಗೆ ಅದೇ ಕಥೆ ಬಾಲ ಬೆಳೆಸಿಕೊಂಡು ಬರುತ್ತಿತ್ತು. ಅದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. ಕತ್ತಿನ ಹತ್ತಿರ ಬ್ಲೇಡು ಹಿಡಿದವನನ್ನು ಯಾರು ತಾನೇ ಅಡ್ಡಪ್ರಶ್ನೆ ಕೇಳುತ್ತಾರೆ.

ಅವನಿಗೆ ಒಬ್ಬಳೇ ಮಗಳು. ಎಂಟು ವರ್ಷ. ಮನೆಯವರೆಲ್ಲ ಚಿಣ್ಣಿ ಎನ್ನುತ್ತಿದ್ದರು. ಕಡ್ಡಿಯ ಹಾಗಿದ್ದ ಈ ಹುಡುಗಿ ಮಲಗಿದಳೆಂದರೆ ಮಾತ್ರ ಗೋಡೆಯಾಚೆಯ ಮನೆಯವರೂ ಎದ್ದು ಕೂರುವಂಥ ಗೊರಕೆ. ಮೊದಮೊದಲು ಎಲ್ಲರೂ ನಗುತ್ತಿದ್ದರು. ಆಮೇಲೆ ಒಂದು ದಿನ ಅವನ ಹೆಂಡತಿ ಗಮನಿಸಿದಳು: ಗೊರಕೆ ನಡುವೆ ನಿಂತುಬಿಡುತ್ತದೆ. ಉಸಿರೂ ನಿಲ್ಲುತ್ತದೆ. ಎದೆ ಮಾತ್ರ ಏಳಲು ಒದ್ದಾಡುತ್ತದೆ. ಇನ್ನೇನು ಅಲ್ಲಾಡಿಸಿ ಎಬ್ಬಿಸಬೇಕು ಎನ್ನುವಾಗ ಹುಡುಗಿ ನೀರಿನಿಂದ ಮೇಲೆ ಬಂದವಳ ಹಾಗೆ ಎಳೆದುಕೊಂಡು ಉಸಿರಾಡುತ್ತಾಳೆ. ಅಂದಿನಿಂದ ಆ ಮನೆಯಲ್ಲಿ ಯಾರೂ ಗೊರಕೆಗೆ ನಗಲಿಲ್ಲ. ಹೆಂಡತಿ ಮಗಳ ಪಕ್ಕ ಎಚ್ಚರವಾಗಿ ಕೂತು, ಬೆಳಗ್ಗೆ ಕೆಂಪು ಕಣ್ಣಲ್ಲಿ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುತ್ತಿದ್ದಳು. ಅಲ್ಲಿ ಅವಳದು ತಪ್ಪು ಕಂಡ ಕಡೆ ಗೆರೆ ಎಳೆಯುವ ಕೆಲಸ.

ಆಸ್ಪತ್ರೆಯ ಗಂಟಲಿನ ಡಾಕ್ಟರಮ್ಮ ಬಾಯಿ ತೆರೆಸಿ ನೋಡಿದರು. ಎರಡು ಟಾನ್ಸಿಲ್ಲುಗಳೂ ಊದಿಕೊಂಡು ಒಂದಕ್ಕೊಂದು ತಾಗುತ್ತಿವೆ, ನಿದ್ದೆಯಲ್ಲಿ ಗಾಳಿಗೆ ದಾರಿಯೇ ಇಲ್ಲ, ಬೇಗ ತೆಗೆಯಬೇಕು ಎಂದರು. ಆಪರೇಷನ್ನಿಗೆ ದಿನ ಸಿಗುವುದು ಕಷ್ಟವಾಗಿತ್ತು. ಹೇಗೋ ಮೂರು ವಾರದ ನಂತರದ್ದೊಂದು ಬೆಳಗ್ಗೆ ಸಿಕ್ಕಿತು.

ದಿನವೇನೋ ಸಿಕ್ಕಿತು, ಚಿಣ್ಣಿ ಸಿಗಲಿಲ್ಲ. ಅವಳು ಮಂಚದ ಕಾಲು ಅಪ್ಪಿಕೊಂಡು, ಯಾರು ಏನು ಹೇಳಿದರೂ ಬರುವುದಿಲ್ಲವೆಂದು ಕೂತುಬಿಟ್ಟಳು. ಅಮ್ಮ ಗದರಿ ನೋಡಿದಳು, ಅಜ್ಜಿ ಗೊಂಬೆ ಕೊಡಿಸುತ್ತೇನೆಂದಳು, ಮಂಚದ ಕಾಲಿನ ಹಿಡಿತ ಸಡಿಲಾಗಲಿಲ್ಲ. ಆಗ ಸಲೂನಿನವನು ನೆಲದ ಮೇಲೆ ಅವಳ ಪಕ್ಕದಲ್ಲೇ ಕೂತ. ಮಗಳ ಹೆದರಿದ ಮುಖ ನೋಡಿ ಅವನ ಕರುಳು ಚುರ್ ಎಂದಿತು. ಕರುಳು ಚುರ್ ಎಂದಾಗ ಅವನ ಬಾಯಿ ತಾನಾಗಿ ತೆರೆದುಕೊಳ್ಳುವುದು ವಾಡಿಕೆ.

"ನಂಗೂ ತೆಗೆದಿದ್ರು ಕಣೆ," ಎಂದ. "ನಿನ್ನಷ್ಟೇ ಇದ್ದೆ. ಒಂಚೂರೂ ಗೊತ್ತಾಗ್ಲಿಲ್ಲ."

ಚಿಣ್ಣಿ ಅವನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಮಂಚದ ಕಾಲು ಬಿಟ್ಟಳು. "ಹಾಗಾದ್ರೆ ಬರ್ತೀನಿ," ಎಂದಳು. ಹೆಂಡತಿ ಗಂಡನ ಕಡೆ ನೋಡಿದ ನೋಟದಲ್ಲಿ ಒಂದು ಗೆರೆ ಎಳೆದ ಹಾಗಿತ್ತು. ಆದರೆ ಮಗಳು ಒಪ್ಪಿದ್ದಾಳೆ, ಈಗ ಬಾಯಿ ಬಿಡುವುದು ಬೇಡ ಎಂದು ಅವಳೂ ಸುಮ್ಮನಾದಳು. ಸಲೂನಿನವನ ಗಂಟಲಿಗೆ ಹುಟ್ಟಿದಾಗಿನಿಂದ ಚಮಚ ಬಿಟ್ಟು ಬೇರೆ ಯಾವ ಉಪಕರಣವೂ ಹೋಗಿರಲಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇದು ಮನೆಯೊಳಗೇ ಉಳಿದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಚಿಣ್ಣಿ ಹೆಮ್ಮೆಯಿಂದ ಸ್ಕೂಲಿನಲ್ಲಿ ಹೇಳಿದಳು. ಅವಳ ಟೀಚರು ತಮ್ಮ ಮಗನಿಗೆ ಕಟಿಂಗ್ ಮಾಡಿಸಲು ಬಂದಾಗ, ನಿಮಗೂ ಟಾನ್ಸಿಲ್ ಆಪರೇಷನ್ ಆಗಿತ್ತಂತೆ, ನಮ್ಮ ಹುಡುಗನಿಗೂ ಹೇಳಿದ್ದಾರೆ, ಹೇಗಿರುತ್ತದೆ ಎಂದು ಕೇಳಿದರು. ಕಟಿಂಗು ಆಗ ತಾನೇ ಶುರುವಾಗಿತ್ತು. ಇನ್ನೂ ಹಿಂದೆ, ಮುಂದೆ, ಎರಡು ಕಿವಿಯ ಪಕ್ಕ ಎಲ್ಲ ಬಾಕಿ. ಅಷ್ಟು ಕೂದಲಿಗೆ "ಏನೂ ಗೊತ್ತಾಗಲಿಲ್ಲ" ಎಂಬ ಒಂದು ಮಾತು ಎಲ್ಲಿ ಸಾಕಾಗುತ್ತದೆ. ಎಡಗಿವಿ ಮುಗಿಯುವಷ್ಟರಲ್ಲಿ ಅವನ ಆಪರೇಷನ್ನಿಗೆ ನಾಲ್ವರು ಡಾಕ್ಟರುಗಳು ಸೇರಿದ್ದರು. ಬಲಗಿವಿ ಮುಗಿಯುವಾಗ ಅವನ ಟಾನ್ಸಿಲ್ಲನ್ನು ಗಾಜಿನ ಬಾಟಲಿಯಲ್ಲಿಟ್ಟು ಬೇರೆ ಊರಿಗೆ ಕಳಿಸಲಾಗಿತ್ತು.

ಅಲ್ಲಿಂದ ಅಂಗಡಿಗೆ ಗಂಟಲು ನೋವಿನವರು ಬರತೊಡಗಿದರು. ಪೋಸ್ಟಾಫೀಸಿನ ಯಜಮಾನರು ಮೊಮ್ಮಗಳನ್ನು ಕರೆತಂದು, ಸ್ವಲ್ಪ ನೋಡಿ ಎಂದರು. ಸಲೂನಿನವನು ನೋಡಿದ. ಕುರ್ಚಿಯನ್ನು ಬೆಳಕಿಗೆ ತಿರುಗಿಸಿ, ಟಾರ್ಚು ಹಿಡಿದು, ಹುಬ್ಬು ಗಂಟಿಕ್ಕಿ, ಹೂಂ ಎಂದು ಹೇಳಿ, ಕೊನೆಗೆ ಎಲ್ಲರನ್ನೂ ಡಾಕ್ಟರ ಹತ್ತಿರವೇ ಕಳಿಸುತ್ತಿದ್ದ. ಅವನ ಪುಣ್ಯಕ್ಕೆ ಅಷ್ಟು ಬುದ್ಧಿ ಉಳಿದಿತ್ತು.

ಅಜ್ಜಿಯ ವಿಷಯ ಇನ್ನೂ ಸ್ವಾರಸ್ಯ. ಅಜ್ಜಿಯೆಂದರೆ ಸಲೂನಿನವನ ತಾಯಿ. ಎದುರುಮನೆಯಾಕೆ ಬಂದು, ಪಾಪ, ನಿಮ್ಮ ಮಗನಿಗೆ ಆಪರೇಷನ್ ಆದಾಗ ನೀವೆಷ್ಟು ಒದ್ದಾಡಿದಿರೋ ಎಂದಾಗ ಮುದುಕಿ ಮೊದಲು ಕಕ್ಕಾಬಿಕ್ಕಿಯಾದಳು. ಯಾವ ಆಪರೇಷನ್ನು ಎಂದು ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಎದುರುಮನೆಯಾಕೆ ಅವಳ ಕೈ ಹಿಡಿದು, ಒಬ್ಬರೇ ಅಲ್ವಾ ನೀವು, ಹೇಗೆ ಸಾಕಿದಿರಿ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಆ ಮಗನನ್ನು ಒಬ್ಬಳೇ ಸಾಕಿದ್ದಕ್ಕೆ ನಲವತ್ತು ವರ್ಷದಲ್ಲಿ ಒಂದು ನರಪಿಳ್ಳೆಯೂ ಹೀಗೆ ಕೇಳಿರಲಿಲ್ಲ. ಬಂದ ಅನುಕಂಪವನ್ನು ವಾಪಸು ಕಳಿಸಲು ಮುದುಕಿಗೆ ಮನಸ್ಸು ಬರಲಿಲ್ಲ. ಏನು ಮಾಡೋದಮ್ಮ, ಅನ್ನ ನೀರು ಬಿಟ್ಟು ಕೂತಿದ್ದೆ ಎಂದಳು. ಮರುದಿನ ಇನ್ನೊಬ್ಬಾಕೆಗೆ ಅದನ್ನೇ ಹೇಳುವಾಗ ಆಸ್ಪತ್ರೆಯ ಕಿಟಕಿಯ ಬಣ್ಣವೂ ನೆನಪಾಯಿತು. ವಾರ ಕಳೆಯುವಷ್ಟರಲ್ಲಿ ಅವಳು ಪೂರ್ತಿ ನಂಬಿಬಿಟ್ಟಿದ್ದಳು.

ಆಪರೇಷನ್ನಿಗೆ ಇನ್ನು ನಾಲ್ಕು ದಿನ ಇರುವಾಗ ಅಂಗಡಿಗೆ ಹೊಸಬರೊಬ್ಬರು ಬಂದರು. ಸಣಕಲು ಮನುಷ್ಯ, ತೆಳು ಮೀಸೆ, ಮಾತು ಕಡಿಮೆ. ಕಟಿಂಗು, ಶೇವಿಂಗು, ಮಸಾಜು ಮೂರೂ ಬೇಕೆಂದರು. ಸಲೂನಿನವನಿಗೆ ಹಬ್ಬವೇ ಆಯಿತು. ಅವರ ಮುಖಕ್ಕೆ ನೊರೆ ಹಚ್ಚಿ, ಬ್ಲೇಡು ಹಿಡಿದು, ಅತಿ ಉದ್ದದ ಕಥೆ ತೆಗೆದ. ಆಪರೇಷನ್ನಿಗೆ ಮತ್ತಿನ ಔಷಧಿ ಕೊಟ್ಟರು ನೋಡಿ ಸಾರ್, ನಾನು ಎದ್ದಿದ್ದು ಮೂರು ದಿನ ಬಿಟ್ಟು ಎಂದ.

ನೊರೆಯ ನಡುವೆ ಹೊಸಬರ ಕಣ್ಣು ಅಗಲವಾಯಿತು. ಅವರು ಏನೋ ಹೇಳಲು ಹೊರಟರು. ಬ್ಲೇಡು ಗಂಟಲ ಮೇಲಿತ್ತು.

"ಅಲ್ಲಾಡ್ಬೇಡಿ ಸಾರ್," ಎಂದ ಸಲೂನಿನವನು.

ಕೇಳುವವರ ಕಣ್ಣು ಅಗಲವಾಗುವುದೆಂದರೆ ಅವನ ಪಾಲಿಗೆ ಚಪ್ಪಾಳೆ. ಉತ್ಸಾಹದಲ್ಲಿ ಇನ್ನೂ ಸ್ವಲ್ಪ ಸೇರಿಸಿದ. ತನ್ನ ಅಣ್ಣನಿಗೂ ಹಾಗೇ ಆಗಿತ್ತು, ಅವನದು ಐದು ದಿನ, ತಮ್ಮ ವಂಶದಲ್ಲೇ ಹಾಗೆ, ಮತ್ತು ಕೊಟ್ಟರೆ ಬೇಗ ಇಳಿಯುವುದಿಲ್ಲ ಎಂದ. ಅವನಿಗೆ ಅಣ್ಣನೇ ಇರಲಿಲ್ಲ. ಮುಖ ಒರೆಸಿಕೊಂಡ ಮೇಲೆ ಹೊಸಬರು ಬಹಳ ಗಂಭೀರವಾಗಿ, ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗುವುದಿದ್ದರೆ ಈ ವಿಷಯ ಡಾಕ್ಟರಿಗೆ ಮೊದಲೇ ಹೇಳಿ, ಮರೆಯಬೇಡಿ ಎಂದರು. ಖಂಡಿತ ಸಾರ್ ಎಂದ ಇವನು. ಊರಿಗೆಲ್ಲ ಮಗಳ ಆಪರೇಷನ್ನಿನ ವಿಷಯ ಹೇಳಿದವನು ಇವರೊಬ್ಬರಿಗೆ ಹೇಳಲಿಲ್ಲ, ಏಕೆಂದರೆ ಬೆಂಚಿನ ಮೇಲಿದ್ದವರು ಆಗಲೇ ಎದ್ದು ಬಂದು ಕುರ್ಚಿಯ ಹಿಡಿಕೆ ಹಿಡಿದಿದ್ದರು.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಚಿಣ್ಣಿಯನ್ನು ಆಸ್ಪತ್ರೆಗೆ ಸೇರಿಸಿದರು. ಮಕ್ಕಳ ವಾರ್ಡು. ಆರು ಮಂಚ, ಗೋಡೆಯ ಮೇಲೆ ಆನೆ, ಜಿರಾಫೆ. ಚಿಣ್ಣಿ ಮಂಚದ ಮೇಲೆ ಕಾಲು ಅಲ್ಲಾಡಿಸುತ್ತ ಕೂತು ಪಕ್ಕದ ಮಂಚದ ಹುಡುಗನಿಗೆ, ಏನೂ ಗೊತ್ತಾಗಲ್ಲ ಕಣೋ, ನಮ್ಮಪ್ಪನಿಗೂ ಆಗಿದೆ ಎಂದು ಧೈರ್ಯ ಹೇಳುತ್ತಿದ್ದಳು. ಅಜ್ಜಿ ಸ್ಟೂಲಿನ ಮೇಲೆ, ಹೆಂಡತಿ ಕಿಟಕಿಯ ಪಕ್ಕ. ಸಲೂನಿನವನು ನಿಂತಿದ್ದ. ಆಗ ನರ್ಸು ಬಂದು, ಮತ್ತು ಕೊಡುವ ಡಾಕ್ಟರು ನೋಡಲು ಬರುತ್ತಿದ್ದಾರೆ ಎಂದಳು. ಬಿಳಿ ಕೋಟು ಹಾಕಿಕೊಂಡು ಬಂದರು: ಸಣಕಲು ಮನುಷ್ಯ, ತೆಳು ಮೀಸೆ, ಮೊನ್ನೆ ತಾನೇ ಕತ್ತರಿಸಿದ ಕೂದಲು.

ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದರು.

ಮತ್ತಿನ ಡಾಕ್ಟರು ಕೈಯಲ್ಲಿದ್ದ ಫಾರಂ ನೋಡಿದರು. ಮನೆಯಲ್ಲಿ ಯಾರಿಗಾದರೂ ಮತ್ತಿನಿಂದ ತೊಂದರೆಯಾಗಿದೆಯೇ ಎಂಬ ಪ್ರಶ್ನೆಯ ಮುಂದೆ ಹೆಂಡತಿ ಅಂದವಾದ ಅಕ್ಷರದಲ್ಲಿ "ಇಲ್ಲ" ಎಂದು ಬರೆದಿದ್ದಳು. ಅವರು ಪೆನ್ನು ತೆಗೆದು ಅದರ ಮೇಲೆ ಗೆರೆ ಎಳೆದರು.

"ನೀವು ಮೂರು ದಿನ ಎದ್ದಿರಲಿಲ್ಲ ಅಲ್ವಾ," ಎಂದರು. "ನಿಮ್ಮಣ್ಣ ಐದು ದಿನ. ನಾಳೆ ಈ ಮಗೂಗೆ ನಾನು ಮತ್ತು ಕೊಡೋಕಾಗಲ್ಲ. ಕೆಲವು ಮನೆತನದಲ್ಲಿ ಇದು ಇರುತ್ತೆ. ಮೊದಲು ರಕ್ತ ಪರೀಕ್ಷೆ ಆಗ್ಬೇಕು."

ಪರೀಕ್ಷೆಗೆ ಎಷ್ಟು ದಿನ ಎಂದು ಹೆಂಡತಿ ಕೇಳಿದಳು. ಎರಡು ವಾರ ಎಂದರು. ಆಮೇಲೆ ಡಾಕ್ಟರಮ್ಮನ ದಿನ ಸಿಗಬೇಕು, ಈಗಿನ ಪಟ್ಟಿ ನೋಡಿದರೆ ಎರಡು ತಿಂಗಳಾದರೂ ಬೇಕು ಎಂದಳು ನರ್ಸು. ಎರಡು ತಿಂಗಳೆಂದರೆ ಅರವತ್ತು ದಿನ ಮಗಳ ಉಸಿರು ನಿಂತು, ಒದ್ದಾಡಿ, ಮತ್ತೆ ಶುರುವಾಗುವುದನ್ನು ಕಾಯಬೇಕು.

ಚಿಣ್ಣಿಯ ಕಾಲು ಅಲ್ಲಾಡುವುದು ನಿಂತಿತ್ತು. "ಮೂರು ದಿನ ಎದ್ದಿರ್ಲಿಲ್ವಾ ಅಪ್ಪ?" ಎಂದಳು.

ಸಲೂನಿನವನು ಎಂಥ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ನೋಡಿ. ಹೌದೆಂದರೆ ನಾಳಿನ ಆಪರೇಷನ್ನು ಹೋಯಿತು, ಮಗಳೂ ಇನ್ನು ಸೂಜಿ ಕಂಡರೆ ಓಡುತ್ತಾಳೆ. ಇಲ್ಲವೆಂದರೆ ಏನೂ ಗೊತ್ತಾಗಲಿಲ್ಲ ಎಂದದ್ದೂ ಸುಳ್ಳೆಂದು ಹೇಳಬೇಕು. ಅದೊಂದು ಮಾತು ನಂಬಿಯೇ ಅವಳು ಇಲ್ಲಿಯವರೆಗೆ ನಡೆದು ಬಂದಿದ್ದಳು. ಅವನು ಜೀವಮಾನದಲ್ಲಿ ಮೊದಲ ಸಲ ಮಾತು ಹುಡುಕಬೇಕಾಯಿತು.

"ಸಾರ್, ನಾನು ರೈಲು ಬಿಟ್ಟಿದ್ದು," ಎಂದ. "ನನಗೆ ಯಾವ ಆಪರೇಷನ್ನೂ ಆಗಿಲ್ಲ. ಅಣ್ಣನೂ ಇಲ್ಲ."

ಮತ್ತಿನ ಡಾಕ್ಟರು ಪೆನ್ನು ಹಿಡಿದವರು ಹಾಗೇ ನಿಂತರು. ಆಪರೇಷನ್ ಮುಂದಕ್ಕೆ ಹೋಗಬಾರದೆಂದು ಹೀಗೆ ಸುಳ್ಳು ಹೇಳುವ ತಂದೆತಾಯಿಗಳನ್ನೂ ಅವರು ನೋಡಿದ್ದರು. ಯಾವುದನ್ನು ನಂಬಲಿ ಎನ್ನುವಂತೆ ಸುತ್ತ ನೋಡಿದರು. ಸ್ಟೂಲಿನ ಮೇಲೆ ಹಿರಿಯರೊಬ್ಬರಿದ್ದರು. ನೀವು ಹೇಳಿ ಅಮ್ಮ ಎಂದರು.

ಅಜ್ಜಿ ಇದಕ್ಕೇ ಕಾಯುತ್ತಿದ್ದವಳ ಹಾಗೆ ಸೆರಗು ಸರಿಮಾಡಿಕೊಂಡಳು. ಅವನ ಮಾತು ಕೇಳಬೇಡಿ ಡಾಕ್ಟರೇ, ಮಗಳ ಮೇಲಿನ ಪ್ರೀತಿಗೆ ಹಾಗಂತಾನೆ ಎಂದಳು. ಮೂರು ದಿನ ತಾನು ಅವನ ಹಾಸಿಗೆಯ ಪಕ್ಕದಿಂದ ಅಲ್ಲಾಡಲಿಲ್ಲ, ಕಿಟಕಿಗೆ ಹಸಿರು ಬಣ್ಣ ಹೊಡೆದಿದ್ದರು, ಮೂರನೇ ದಿನ ಕಣ್ಣು ಬಿಟ್ಟು ಅಮ್ಮ ಎಂದ ಎಂದು ಹೇಳುತ್ತ ಹೇಳುತ್ತ ಅಳತೊಡಗಿದಳು. ಪಕ್ಕದ ಮಂಚದ ಹುಡುಗನ ತಾಯಿಯೂ ಕಣ್ಣೊರೆಸಿಕೊಂಡಳು. ಸಲೂನಿನವನು ತಲೆಯ ಮೇಲೆ ಕೈ ಹೊತ್ತು ನಿಂತ.

ಆಗ ಕಿಟಕಿಯ ಹತ್ತಿರದಿಂದ ಹೆಂಡತಿ ಒಂದೇ ಮಾತು ಹೇಳಿದಳು. "ಬಾಯಿ ತೆಗೆಸಿ ನೋಡಿ."

ಇಷ್ಟು ಸುಲಭದ ಉಪಾಯ ಯಾರಿಗೂ ಹೊಳೆದಿರಲಿಲ್ಲ. ಸಲೂನಿನವನು ಮಗಳ ಪಕ್ಕ ಮಂಚದ ಮೇಲೆ ಕೂತು ಬಾಯಿ ಅಗಲಿಸಿದ. ಎಷ್ಟೋ ಜನರ ಬಾಯಿ ತೆರೆಸಿದವನ ಬಾಯಿಗೇ ಈಗ ಟಾರ್ಚು ಬಿತ್ತು. ಮತ್ತಿನ ಡಾಕ್ಟರು ಬಗ್ಗಿ ನೋಡಿದರು. ನರ್ಸು ನೋಡಿದಳು. ಎರಡೂ ಇದ್ದವು, ಆರೋಗ್ಯವಾಗಿ, ಇಷ್ಟು ವರ್ಷ ಯಾರೂ ತಂಟೆಗೆ ಬಾರದ ನೆಮ್ಮದಿಯಲ್ಲಿ.

"ಇಲ್ಲಿ ಯಾರೂ ಕೈಯೇ ಇಟ್ಟಿಲ್ಲ," ಎಂದರು ಡಾಕ್ಟರು.

ಅಜ್ಜಿಯ ಅಳು ಅರ್ಧಕ್ಕೆ ನಿಂತಿತು. ಅವಳು ಮಗನ ತೆರೆದ ಬಾಯಿಯನ್ನೂ ಡಾಕ್ಟರ ಮುಖವನ್ನೂ ನೋಡಿ, "ಹಾಗಾದ್ರೆ ನಾನು ಯಾರ ಹತ್ರ ಕೂತಿದ್ದೆ?" ಎಂದಳು.

ನಗು ಬಂದರೂ ಯಾರೂ ನಗಲಿಲ್ಲ. ಸಲೂನಿನವನು ಬಾಯಿ ಮುಚ್ಚಿ, ಸ್ಟೂಲಿನ ಹತ್ತಿರ ಬಗ್ಗಿ, ನೀನು ಕೂತಿದ್ದು ನಿಜ ಕಣಮ್ಮ, ನನಗೆ ಜ್ವರ ಬಂದಾಗೆಲ್ಲ ಕೂತಿದ್ದೆ ಎಂದ. ಅದನ್ನು ಅವನು ಯಾವತ್ತೂ ಬಾಯಿ ಬಿಟ್ಟು ಹೇಳಿರಲಿಲ್ಲ. ಅಜ್ಜಿ ಮೂಗು ಒರೆಸಿಕೊಂಡು ಸಮಾಧಾನಗೊಂಡಳು. ಆಮೇಲೆ ಡಾಕ್ಟರು ಕೇಳಿದ್ದಕ್ಕೆ, ತನಗೊಂದು ಹೊಟ್ಟೆಯ ಆಪರೇಷನ್ ನಿಜವಾಗಿ ಆಗಿದೆ, ಮತ್ತು ಇಳಿದ ಕೂಡಲೇ ಕಾಫಿ ಕೇಳಿದೆ, ಕೊಡಲಿಲ್ಲವೆಂದು ನರ್ಸಿನ ಜೊತೆ ಜಗಳವಾಡಿದೆ ಎಂದಳು. ಅದು ನಿಜವೆಂದು ಹೆಂಡತಿ ತಲೆಯಾಡಿಸಿದಳು. ಅವಳ ಮನೆಯ ಕಡೆಯೂ ಯಾರಿಗೂ ತೊಂದರೆಯಾಗಿರಲಿಲ್ಲ. ಮತ್ತಿನ ಡಾಕ್ಟರು ಎಲ್ಲವನ್ನೂ ಬರೆದುಕೊಂಡರು.

ಉಳಿದದ್ದು ಚಿಣ್ಣಿ. ಅವಳು ಕೈ ಚಾಚಿ ಡಾಕ್ಟರಿಂದ ಟಾರ್ಚು ಇಸಿದುಕೊಂಡಳು. ಅಪ್ಪನ ಗಲ್ಲ ಹಿಡಿದು ಕೆಳಗೆ ಎಳೆದಳು. ಅವನು ಮತ್ತೆ ಬಾಯಿ ತೆರೆದ. ಬಹಳ ಹೊತ್ತು ನೋಡಿದಳು. ಅವಳ ಬಿಸಿ ಉಸಿರು ಅವನ ಮೂಗಿಗೆ ತಾಗುತ್ತಿತ್ತು. ಅವಳು ಈಗ ಎದ್ದು ಮಂಚದ ಕಾಲು ಹಿಡಿದುಕೊಂಡರೆ ತಾನು ಏನು ಮಾಡಲಿ ಎಂದು ಯೋಚಿಸಿ ಅವನ ಕಣ್ಣು ತುಂಬಿತು. ಬಾಯಿ ತೆರೆದುಕೊಂಡೇ ಅಳುವುದು ಎಷ್ಟು ಕಷ್ಟವೆಂದು ಅವನಿಗೆ ಅವತ್ತು ತಿಳಿಯಿತು.

"ನೋಯತ್ತೋ ಇಲ್ವೋ ನಿಂಗೆ ಗೊತ್ತೇ ಇಲ್ಲ," ಎಂದಳು ಚಿಣ್ಣಿ.

"ಗೊತ್ತಿಲ್ಲ ಕಣಮ್ಮ. ನೀನು ಹೆದರ್ಕೊಂಡಿದ್ದೆ, ಅದಕ್ಕೆ ಹೇಳ್ಬಿಟ್ಟೆ."

ಅವಳು ಟಾರ್ಚನ್ನು ಡಾಕ್ಟರಿಗೆ ಕೊಟ್ಟು ಅದೇ ಪ್ರಶ್ನೆ ಅವರಿಗೆ ಹಾಕಿದಳು. ಆ ಮನುಷ್ಯರಿಗೆ ಮಕ್ಕಳ ಜೊತೆ ಹೇಗೆ ಮಾತಾಡಬೇಕೆಂದು ಗೊತ್ತಿರಲಿಲ್ಲ. ಅದೇ ಒಳ್ಳೆಯದಾಯಿತು, ದೊಡ್ಡವರಿಗೆ ಹೇಳುವ ಹಾಗೇ ಹೇಳಿದರು. ತೆಗೆಯುವಾಗ ನಿದ್ದೆಯಲ್ಲಿರುತ್ತೀಯ, ಗೊತ್ತಾಗುವುದಿಲ್ಲ. ಎದ್ದ ಮೇಲೆ ನೋಯುತ್ತದೆ. ಒಂದು ವಾರ ನೋಯುತ್ತದೆ, ಐದನೆಯ ದಿನ ಜಾಸ್ತಿ. ಔಷಧಿ ಕೊಡುತ್ತೇವೆ. ಆಮೇಲೆ ಹೋಗುತ್ತದೆ. ಚಿಣ್ಣಿ ಬೆರಳಲ್ಲಿ ಐದು ಎಣಿಸಿ ನೋಡಿಕೊಂಡಳು. ಸರಿ, ಬರುತ್ತೇನೆ ಎಂದಳು. ಆದರೆ ಒಂದು ಕರಾರು: ಆಪರೇಷನ್ ಮುಗಿಯುವವರೆಗೆ ಅಪ್ಪ ಯಾರ ಹತ್ತಿರವೂ ಮಾತಾಡಕೂಡದು.

ಅಪ್ಪ ಒಪ್ಪಿದ. ಮರುದಿನ ಬೆಳಗ್ಗೆ ಅವಳನ್ನು ತಳ್ಳುಮಂಚದಲ್ಲಿ ಒಳಗೆ ಕರೆದುಕೊಂಡು ಹೋದ ಮೇಲೆ ಅವನು ಹೊರಗೆ ಬೆಂಚಿನ ಮೇಲೆ ಕೈ ಕಟ್ಟಿ ಕೂತ. ಪಕ್ಕದ ಮಂಚದ ಹುಡುಗನ ತಂದೆ ಬಂದು ಏನೇನೋ ಕೇಳಿದ, ಇವನು ತಲೆಯಾಡಿಸಿದ. ಕಸ ಗುಡಿಸುವಾಕೆ ಕೇಳಿದಳು, ತಲೆಯಾಡಿಸಿದ. ಇವರು ಮೂಗರಾ ಎಂದು ಅವಳು ಹೆಂಡತಿಯನ್ನು ಕೇಳಿದಳು. ನಾಳೆಯಿಂದ ಸರಿಹೋಗ್ತಾರೆ ಎಂದಳು ಹೆಂಡತಿ.

ಕೊನೆಗೆ ಬಾಗಿಲು ತೆರೆಯಿತು. ಡಾಕ್ಟರಮ್ಮ ಎಲ್ಲ ಸುಸೂತ್ರ ಎಂದು ಹೇಳಿ ಹೋದರು. ಅವರ ಹಿಂದೆ ಮತ್ತಿನ ಡಾಕ್ಟರು ಟೋಪಿ ತೆಗೆಯುತ್ತ ಬಂದು ಸಲೂನಿನವನ ಎದುರು ನಿಂತರು.

"ಎದ್ದಳು," ಎಂದರು. "ಒಂಬತ್ತು ನಿಮಿಷ ತೊಗೊಂಡಳು."

ಈಗ ಮಾತಾಡಲು ಅನುಮತಿಯಿತ್ತು. ಧನ್ಯವಾದ ಹೇಳಲು ಅವನು ಬಾಯಿ ತೆರೆದ. ಸಲೂನಿನ ಕುರ್ಚಿಯ ಹಿಂದೆ ನಿಂತರೆ ಎಷ್ಟು ಮಾತು ಉಕ್ಕುತ್ತಿತ್ತೋ ಅದರಲ್ಲಿ ಒಂದೂ ಬರಲಿಲ್ಲ. ಸುಮ್ಮನೆ ಡಾಕ್ಟರ ಎರಡು ಕೈಗಳನ್ನೂ ಹಿಡಿದುಕೊಂಡ. ಗಂಟಲ ಮೇಲೆ ಬ್ಲೇಡು ಇದ್ದಾಗಲೂ ತನ್ನ ಸುಳ್ಳನ್ನು ಇಷ್ಟು ನಿಜವಾಗಿ ಕೇಳಿಸಿಕೊಂಡವರು, ಗೊತ್ತಿಲ್ಲದ ಮಗುವಿಗೋಸ್ಕರ ಅದನ್ನು ನೆನಪಿಟ್ಟುಕೊಂಡವರು ಇವರೊಬ್ಬರೇ ಎಂದು ಅವನಿಗೆ ಅನ್ನಿಸಿತು. ನಿಜವಾಗಿಯೂ ಆ ಕಾಯಿಲೆ ಇದ್ದಿದ್ದರೆ ಈ ಮನುಷ್ಯನಿಂದಲೇ ಮಗಳು ಉಳಿಯುತ್ತಿದ್ದಳು. ಡಾಕ್ಟರಿಗೆ ಮುಜುಗರವಾಯಿತು. ಇನ್ನೊಂದು ಆಪರೇಷನ್ ಇದೆ ಎಂದು ಕೈ ಬಿಡಿಸಿಕೊಂಡು ಹೋದರು.

ನೋವು ಡಾಕ್ಟರು ಹೇಳಿದ ಹಾಗೇ ಬಂತು. ಐದನೆಯ ದಿನ ಚಿಣ್ಣಿ ನೀರು ಕುಡಿಯಲೂ ಅತ್ತಳು. ಆದರೆ ಬೆರಳು ಮಡಿಸಿ ತೋರಿಸಿ, ಇವತ್ತೇ ಜಾಸ್ತಿ, ನಾಳೆ ಕಡಿಮೆ ಎಂದು ತಾನೇ ಅಪ್ಪನಿಗೆ ಹೇಳಿದಳು. ತಣ್ಣನೆಯ ಹಾಲು, ಐಸ್‌ಕ್ರೀಮು, ಔಷಧಿ ಎಂದು ದಿನ ಕಳೆದವು. ಗಂಟಲ ಊತ ಇಳಿಯುತ್ತ ಬಂತು.

ಹನ್ನೆರಡನೆಯ ದಿನದ ಮಧ್ಯಾಹ್ನ ಚಿಣ್ಣಿ ಊಟ ಮಾಡಿ ಮಲಗಿದ್ದಳು. ಸಲೂನಿನವನು ಅಂಗಡಿಯಿಂದ ಬಂದು ಚಪ್ಪಲಿ ಬಿಡುವಾಗ ಮನೆಯಲ್ಲಿ ಏನೋ ಸರಿಯಿಲ್ಲ ಎನ್ನಿಸಿತು. ಸದ್ದೇ ಇರಲಿಲ್ಲ. ಓಡಿಹೋಗಿ ಮಗಳ ಮೂಗಿನ ಕೆಳಗೆ ಬೆರಳಿಟ್ಟ. ಉಸಿರು ಬರುತ್ತಿತ್ತು, ಹೋಗುತ್ತಿತ್ತು. ನಂಬಿಕೆಯಾಗದೆ ಅಮ್ಮನನ್ನು ಕರೆದ. ಅಜ್ಜಿ ಬೆರಳಿಟ್ಟು ನೋಡಿ ಎದುರುಮನೆಯಾಕೆಯನ್ನು ಕರೆದಳು. ಗೋಡೆಯಾಚೆಯ ಮನೆಯವರು, ಇವತ್ತು ಸದ್ದು ಕೇಳಲಿಲ್ಲವಲ್ಲ ಎಂದು ಗಾಬರಿಯಾಗಿ ತಾವಾಗಿಯೇ ಬಂದರು. ಪ್ರೆಸ್ಸಿನಿಂದ ಊಟಕ್ಕೆ ಬಂದ ಹೆಂಡತಿ ನೋಡುವಾಗ ಏಳೆಂಟು ಜನ ಮಂಚದ ಸುತ್ತ ಉಸಿರು ಬಿಗಿಹಿಡಿದು ನಿಂತು, ಕೇಳಿಸದ ಸದ್ದನ್ನು ಕೇಳುತ್ತಿದ್ದರು. ಅವಳು ಅವರ ನಡುವೆ ದಾರಿ ಮಾಡಿಕೊಂಡು ಬಂದು, ಮಗಳ ಪಕ್ಕ ಒಂದು ಗಳಿಗೆ ಕೂತು, ಆಮೇಲೆ ಹಾಗೇ ಕಾಲು ಚಾಚಿ ಮಲಗಿ ಕಣ್ಣು ಮುಚ್ಚಿದಳು. ಎಷ್ಟೋ ತಿಂಗಳ ನಂತರ ಅವಳು ನಿದ್ದೆ ಮಾಡಿದ್ದು ಅವತ್ತೇ. ಅದನ್ನು ನೋಡಿ ಸಲೂನಿನವನಿಗೆ ಡಾಕ್ಟರು, ನರ್ಸು, ಆಸ್ಪತ್ರೆಯ ಆನೆ, ಜಿರಾಫೆ ಎಲ್ಲರ ಮೇಲೂ ಕೃತಜ್ಞತೆ ಉಕ್ಕಿ ಬಂತು. ಯಾರಿಗೆ ಹೇಳುವುದೆಂದು ತಿಳಿಯದೆ ಎದುರುಮನೆಯಾಕೆಗೆ ಕೈ ಮುಗಿದ.

ಜನದ ಗುಸುಗುಸುವಿಗೆ ಚಿಣ್ಣಿ ಕಣ್ಣು ಬಿಟ್ಟಳು. ಸುತ್ತ ಇದ್ದ ಅಷ್ಟು ಮುಖಗಳನ್ನು ಬಿಟ್ಟು ಅಪ್ಪನನ್ನು ಹುಡುಕಿ ನೋಡಿದಳು.

"ಅಪ್ಪ, ನಾಳೆ ಸ್ಕೂಲಿಗೆ ಹೋದ್ರೆ ಮತ್ತೆ ನೋಯತ್ತಾ?"

ಏಳೆಂಟು ಜನ ಉತ್ತರಕ್ಕಾಗಿ ಸಲೂನಿನವನ ಕಡೆ ತಿರುಗಿದರು. ಅವನ ಬಾಯಿಯಲ್ಲಿ ಎಷ್ಟೋ ಧೈರ್ಯದ ಮಾತುಗಳು ಸಾಲಾಗಿ ಬಂದು ನಿಂತವು.

"ಗೊತ್ತಿಲ್ಲ ಕಣಮ್ಮ," ಎಂದ. "ಡಾಕ್ಟರನ್ನ ಕೇಳೋಣ."

"ಸರಿ," ಎಂದಳು ಚಿಣ್ಣಿ. ಅವನ ಬೆರಳೊಂದನ್ನು ಹಿಡಿದುಕೊಂಡು, ಅಮ್ಮನ ಕಡೆ ಹೊರಳಿ, ಮತ್ತೆ ಸದ್ದಿಲ್ಲದೆ ನಿದ್ದೆ ಹೋದಳು.